ಮೊಂತಿ ಹಬ್ಬಕ್ಕೆ ಸಜ್ಜೆಯ ತೆನೆ

ಸೊಲ್ಲಾಪುರದಲ್ಲಿ ನಾವು ಬಾಡಿಗೆ ಮನೆ ಹೊಕ್ಕ ದಿನ, ಮಾಂಯ್ ರೊಟ್ಟಿ ಮುರಿದ ಸದ್ದಿಗೆ ತೊಟ್ಟಿಲಲ್ಲಿದ್ದ ನನ್ನ ಮಗಳು ಬೆಚ್ಚಿ ಎದ್ದಳು. ಮಾಂಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಮ್ಮ. ಉಡುಪಿ ಕಡೆಯ ಕ್ರೈಸ್ತ ಮನೆಯವಳು, ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವಳು. ತುಂಡನ್ನು ತಿರುಗಿಸಿ ನೋಡಿ, "ಇದು ಎಷ್ಟು ದಿನದ್ದು?" ಎಂದು ಕೇಳಿದಳು.

"ಹದಿನೈದು ದಿನದ್ದರಿ. ಖಡಕ್ ರೊಟ್ಟಿ ಹಿಂಗ ಇರ್ತದ. ಶೇಂಗಾ ಹಿಂಡಿ ಹಚ್ಚಕೊಂಡು ಕಡೀರಿ," ಎಂದಳು ಮನೆಯೊಡತಿ ಕಾಶಿಬಾಯಿ. ಹದಿನೈದು ದಿನ ಎನ್ನುವಾಗ ಅವಳ ಮುಖದಲ್ಲಿ ಎಂಥ ಹೆಮ್ಮೆ! ನಮ್ಮೂರಲ್ಲಾದರೆ ಅದನ್ನು ಹೇಳಲು ನಾಚಿಕೊಳ್ಳುತ್ತಿದ್ದರು.

ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಗಂಡ ಗಲ್ಫಿನಲ್ಲಿ. ಮಾಂಯ್ ಬಾಣಂತನಕ್ಕೆಂದು ಮೂರು ತಿಂಗಳ ಮಟ್ಟಿಗೆ ಬಂದಿದ್ದಳು. ಕಾಶಿಬಾಯಿಯ ಖೋಲಿ ಸಿಗುವ ಮುಂಚೆ ಮೂರು ಮನೆ ಕೈತಪ್ಪಿದ್ದವು. ಯಜಮಾನರೆಲ್ಲ ವ್ಯಾಪಾರಸ್ಥರು, ನಯವಾಗಿ ಕೇಳುತ್ತಿದ್ದುದು ಒಂದೇ: "ಮನ್ಯಾಗ ಮಾಂಸ ಬೇಯಸ್ತೀರೇನ್ರಿ?" ಇಲ್ಲ ಎಂದುಬಿಡು, ಆಮೇಲೆ ನೋಡಿಕೊಳ್ಳೋಣ ಎಂದು ನಾನು ಮಾಂಯ್‌ಯ ಸೆರಗು ಜಗ್ಗುತ್ತಿದ್ದೆ. ಅವಳು ಕೇಳಬೇಕಲ್ಲ! "ಮೀನು ಮಾಡುತ್ತೇವೆ, ಕೋಳಿ ಮಾಡುತ್ತೇವೆ, ಹಬ್ಬಕ್ಕೆ ಹಂದಿಯೂ ಉಂಟು," ಎಂದು ಪಟ್ಟಿಯನ್ನೇ ಓದುತ್ತಿದ್ದಳು. ನಾಲ್ಕನೆಯವಳು ಕಾಶಿಬಾಯಿ.

"ನಾವು ಬೀರೋಬಾನ ಮಂದಿ. ಕುರಿ ಸಾಕೋರು, ಕುರಿ ತಿನ್ನೋರು," ಎಂದು ನಕ್ಕಳು. "ಸುಳ್ಳ ಹೇಳಲಾರದವರು ಸಿಕ್ಕೀರಿ. ಬರ್ರಿ ಒಳಗ."

ಮೂರು ತಿಂಗಳಿಗೆ ಬಂದವಳು ಹದಿನೆಂಟು ವರ್ಷ ಉಳಿದಳು. ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಮಾಲೆ, ಒಂದು ದಿನವೂ ತಪ್ಪಲಿಲ್ಲ. ಕರೆಂಟು ಹೋದರೂ ಅಷ್ಟೇ, ನನಗೆ ಜ್ವರ ಬಂದರೂ ಅಷ್ಟೇ. ಜಪ ಮುಗಿದ ಮೇಲೆ ಚಿಕ್ಕವರು ಕೈಮುಗಿದು ಹಿರಿಯರ ಆಶೀರ್ವಾದ ಬೇಡುವುದು ನಮ್ಮಲ್ಲಿನ ಪದ್ಧತಿ. ಮಗಳ ಹಿಂದೆ ಒಂದು ಸಂಜೆ ಕಾಶಿಬಾಯಿಯೂ ಕೈಮುಗಿದು ನಿಂತಳು. "ನನಗೂ ಕೊಡ್ರಿ. ನಾ ಏನ್ ಪಾಪ ಮಾಡೀನಿ?" ಮಾಂಯ್ ಕೊಟ್ಟಳು.

ಇನ್ನು ತೆನೆಯ ವಿಷಯ. ಸೆಪ್ಟೆಂಬರಿನಲ್ಲಿ ಕನ್ಯಾಮರಿಯಮ್ಮನ ಹುಟ್ಟುಹಬ್ಬ ಬರುತ್ತದೆ, ನಮಗದು ಮೊಂತಿ ಹಬ್ಬ. ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಮಂತ್ರಿಸಿ ತಂದು, ಅದರ ಕಾಳನ್ನು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಉಣ್ಣಬೇಕು. ಪರವೂರಿನಲ್ಲಿ ಇರುವವರ ಪಾಲನ್ನು ಊರ ಮನೆಯವರು ಹಬ್ಬಕ್ಕೆ ಮುಟ್ಟುವಂತೆ ಮೊದಲೇ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಾರೆ. ಆ ಲಕೋಟೆ ಬಂದರೆ ನೀನಿನ್ನೂ ಆ ಮನೆಯವಳು.

ಮೊದಲ ವರ್ಷ ಅಣ್ಣ ಕಳಿಸಿದ ಲಕೋಟೆ ಹಬ್ಬಕ್ಕೆ ಮುಟ್ಟಲಿಲ್ಲ. ಸೊಲ್ಲಾಪುರದ ಸುತ್ತ ಭತ್ತವೆಲ್ಲಿ? ನಾನು ಕೈಚೆಲ್ಲಿ ಕುಳಿತೆ. ಮಾಂಯ್ ಕಾಶಿಬಾಯಿಯ ಜೊತೆ ಅಕ್ಕಲಕೋಟೆಗೆ ಹೋಗಿ, ಅಲ್ಲಿಂದ ಚಪಳಗಾಂವದಲ್ಲಿ ಅವಳ ತವರಿನವರ ಹೊಲಕ್ಕೆ ಹೋಗಿ, ಸಜ್ಜೆಯ ತೆನೆ ಕೊಯ್ದು ತಂದಳು. ಇಗರ್ಜಿಯಲ್ಲಿ ಬಾಲೆ ಮರಿಯಮ್ಮನ ಮುಂದೆ ಹೂವುಗಳ ನಡುವೆ ಅದನ್ನಿಟ್ಟಾಗ, ನಮ್ಮ ಕಡೆಯವಳೇ ಆದ ಒಬ್ಬ ಹಿರಿಯಾಕೆ ಮೂಗು ಮುರಿದಳು.

"ಭತ್ತವಲ್ಲದ್ದನ್ನು ಮಂತ್ರಿಸುತ್ತಾರಾ?"

"ಮರಿಯಮ್ಮ ಹುಟ್ಟಿದ ಊರಲ್ಲಿ ಭತ್ತ ಬೆಳೆಯುತ್ತಿತ್ತಾ?" ಎಂದಳು ಮಾಂಯ್. "ಅವಳೂ ರೊಟ್ಟಿ ತಿಂದೇ ದೊಡ್ಡವಳಾದದ್ದು."

ಪಾದ್ರಿಗಳು ನಕ್ಕು ತೀರ್ಥ ಚಿಮುಕಿಸಿದರು. ಅಂದಿನಿಂದ ನಮ್ಮ ಬಟ್ಟಲಲ್ಲಿ ಪ್ರತಿವರ್ಷ ಅಣ್ಣನ ಭತ್ತವೂ ಕಾಶಿಬಾಯಿಯ ಸಜ್ಜೆಯೂ ಒಟ್ಟಿಗೆ ಇರುತ್ತಿದ್ದವು.

ಕಳೆದ ತಪಸ್ಸಿನ ಕಾಲದಲ್ಲಿ, ಈಸ್ಟರಿಗೆ ಇನ್ನೂ ಎರಡು ವಾರ ಇರುವಾಗ, ಮಾಂಯ್ ತೀರಿಕೊಂಡಳು. ಹಾಸಿಗೆ ಹಿಡಿದಾಗಲೇ ನನಗೂ ಅಣ್ಣನಿಗೂ ಹೇಳಿದ್ದಳು: "ನನ್ನನ್ನು ಎಲ್ಲಿಗೂ ಹೊತ್ತುಕೊಂಡು ಹೋಗಬೇಡಿ. ಇಲ್ಲೇ ಮಣ್ಣು ಮಾಡಿ." ಅಣ್ಣ ಅದನ್ನು ಜ್ವರದ ಬಡಬಡಿಕೆ ಎಂದುಕೊಂಡಿದ್ದ. "ಅಪ್ಪನ ಪಕ್ಕದಲ್ಲಿ ಜಾಗ ಇದೆ. ಪರರ ಊರಿನಲ್ಲಿ ಅವಳನ್ನು ಒಂಟಿಯಾಗಿ ಮಲಗಿಸುತ್ತೀಯಾ?" ಎಂದು ಫೋನಿನಲ್ಲಿ ಕೂಗಾಡಿದ. ಪರರು ಯಾರು? ಅವಳಿಗೆ ಕೊನೆಯ ಗುಟುಕು ನೀರು ಕುಡಿಸಿದವಳು ಕಾಶಿಬಾಯಿ. ನಾನು ಬಗ್ಗಲಿಲ್ಲ. ಅಣ್ಣ ಬಂದ, ಸಮಾಧಿಗೆ ಹಿಡಿ ಮಣ್ಣು ಹಾಕಿದ, ನಮ್ಮ ಮನೆಯಲ್ಲಿ ಊಟ ಮಾಡದೆ ರೈಲು ಹತ್ತಿದ. ಆಮೇಲೆ ಮಾತಿಲ್ಲ.

ಸೆಪ್ಟೆಂಬರ್ ಬಂತು. ಲಕೋಟೆ ಬರಲಿಲ್ಲ. ಹಬ್ಬದ ಮರುದಿನವೂ ಅಂಚೆಯವನನ್ನು ನಿಲ್ಲಿಸಿ ಕೇಳಿದೆ. ನನ್ನನ್ನು ಮನೆಯಿಂದ ಹೊರಗಿಟ್ಟಿದ್ದಾನೆ ಎಂದು ಗೊತ್ತಾಯಿತು. ಅಡುಗೆಮನೆಯಲ್ಲಿ ಕುಳಿತು ಚೆನ್ನಾಗಿ ಅತ್ತೆ. ಕಾಶಿಬಾಯಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನನ್ನನ್ನು ಅಳಲು ಬಿಟ್ಟಳು.

"ಯಾಕ ಅಳ್ತೀ ತಂಗಿ? ಅವ್ವ ಎಲ್ಲಿ ಮಲಗ್ಯಾಳ?"

"ಇಲ್ಲೇ."

"ಮತ್ತ ಮನಿ ಯಾವುದು? ದೂರ ಇದ್ದಾವ ಅಂವ. ನೀ ಕಳಸು."

ಕಣ್ಣೊರೆಸಿಕೊಂಡು ಎದ್ದೆ. ಮಂತ್ರಿಸಿದ ಸಜ್ಜೆಯ ತೆನೆಯೊಂದನ್ನು ಲಕೋಟೆಗೆ ಹಾಕಿದೆ. ಮಗಳು ವಿಳಾಸವನ್ನು ಮರಾಠಿಯಲ್ಲಿ ಬರೆದಳು, ಅವಳಿಗೆ ಕನ್ನಡ ಬರೆಯಲು ಬರುವುದಿಲ್ಲ. ಅದರ ಕೆಳಗೆ ನಾನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದೆ.

ವಾರದ ಮೇಲೆ ಫೋನು ಬಂತು.

"ಇದೇನು ಕಳಿಸಿದ್ದೀ? ಹಕ್ಕಿಗೆ ಹಾಕುವ ಕಾಳು ಅನ್ನುತ್ತಿದ್ದಾರೆ ಮಕ್ಕಳು."

"ನಿನ್ನ ಪಾಲು. ಮಾಂಯ್ ಇರುವ ಮನೆಯಿಂದ."

ಅತ್ತ ಲಕೋಟೆ ಸರಗುಟ್ಟಿದ ಸದ್ದು ಕೇಳಿಸಿತು. ಆಮೇಲೆ ಕೇಳಿದ: "ಸುಲಿಯಬೇಕೋ, ಹಾಗೇ ತಿನ್ನಬೇಕೋ?"

"ಅಂಗೈಯಲ್ಲಿ ತಿಕ್ಕಿ ಊದು. ಹಾಲಿಗೆ ಹಾಕು."

"ಇವತ್ತು ತೇರ್ಸ್ ಆದ ಮೇಲೆ ಹಂಚುತ್ತೇನೆ," ಎಂದ.

ಒಂದು ಸಂಗತಿಯನ್ನು ಮಾತ್ರ ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಹಬ್ಬದ ದಿನ ಬಟ್ಟಲಿನ ಹಾಲು ಕುಡಿಯುವಾಗ ನನ್ನ ನಾಲಿಗೆ ಭತ್ತದ ಕಾಳನ್ನು ಹುಡುಕಿತ್ತು. ಬರುವ ವರ್ಷ ಅಣ್ಣ ಕಳಿಸಿದರೆ ಕಣ್ಣಿಗೊತ್ತಿಕೊಂಡು ತಿನ್ನುತ್ತೇನೆ. ಕಳಿಸು ಎಂದು ಮಾತ್ರ ಕೇಳುವುದಿಲ್ಲ.