ಹೆಡ್‌ಮಾಸ್ಟರ ತಲೆಯ ಫೋಟೊ

ಏಡಿಯ ಬಣ್ಣ ಯಾವುದೆಂದು ಹುಂಗ್ ಸು-ಮಿಯಾವ್ ಟೀಚರ್ ಕೇಳಿದಾಗ ನಾಲ್ಕನೇ ತರಗತಿಯ ಹನ್ನೊಂದು ಮಕ್ಕಳೂ ಒಂದೇ ಉಸಿರಿಗೆ "ಕೆಂಪು" ಎಂದರು. ಅದೂ ಪೆಂಗ್‌ಹು ದ್ವೀಪದಲ್ಲಿ, ಬಂದರಿಗೆ ಅಂಟಿಕೊಂಡ ಶಾಲೆಯಲ್ಲಿ, ಮೀನುಗಾರರ ಮಕ್ಕಳು!

"ಬೆಂದ ಮೇಲೆ ಕಣ್ರೋ ಕೆಂಪಾಗೋದು! ನಿಮ್ಮ ಕಣ್ಣು ಮುಖದಲ್ಲಿದ್ಯೋ, ಊಟದ ಬಟ್ಟಲಲ್ಲಿದ್ಯೋ?"

ಪಕ್ಕದ ಕೋಣೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ನನಗೂ ಆ ಕೂಗು ಕೇಳಿಸಿತು. ಐವತ್ತೆಂಟು ದಾಟಿದ ಆ ಹೆಂಗಸು ಅಂದೇ ಸಂಜೆ ನನ್ನನ್ನು ಕೂರಿಸಿಕೊಂಡು, ತರಗತಿಗೆಂದೇ ಮೊಬೈಲಿನಲ್ಲಿ ಆಲ್ಬಮ್ ತೆರೆಯುವುದನ್ನು ಕಲಿತರು. ಅದನ್ನು ಮಕ್ಕಳು, ಮನೆಯವರು, ಶಾಲೆಯವರು ಮಾತ್ರ ನೋಡಬಹುದಿತ್ತು. ಯಾವುದಾದರೊಂದರ ಫೋಟೊವನ್ನು ತೀರ ಹತ್ತಿರದಿಂದ ತೆಗೆದು ಅದರಲ್ಲಿ ಹಾಕಬೇಕು. ಅದೇನೆಂದು ಉಳಿದವರು ಹೇಳಬೇಕು.

ಬಲೆಯ ಗಂಟು ಬಂತು, ಕಪ್ಪೆಚಿಪ್ಪಿನ ಅಂಚು ಬಂತು. ಒಬ್ಬ ತನ್ನ ಅಜ್ಜಿಯ ಹಿಮ್ಮಡಿ ಹಾಕಿದ. ಎಲ್ಲರೂ ಬಂಡೆ ಎಂದರು. "ನಾನೂ ಬಂಡೆ ಅಂತಾನೇ ಅಂದ್ಕೊಂಡೆ" ಎಂದು ಅಜ್ಜಿಯೇ ಬರೆದಳು.

ಇಷ್ಟಕ್ಕೇ ಟೀಚರ್ ಸುಮ್ಮನಿರಬಹುದಿತ್ತು. ಆದರೆ ಸೋಮವಾರ ಧ್ವಜ ಏರಿಸುವ ಮುಂಚೆ ಹೆಡ್‌ಮಾಸ್ಟರ್ ಯೆನ್ ಅವರು ಶೂ ಲೇಸು ಕಟ್ಟಲು ಬಗ್ಗಿದರು. ಬಿಸಿಲು ಅವರ ಬೋಳುನೆತ್ತಿಯ ಮೇಲೆ ಸರಿಯಾಗಿ ಬಿದ್ದಿತ್ತು. ಹಿಂದೆಯೇ ನಿಂತಿದ್ದ ಟೀಚರ ಕೈ ತಡೆಯಲಿಲ್ಲ; ಫೋಟೊ ತೆಗೆದು ಆಲ್ಬಮ್ಮಿಗೆ ಹಾಕಿಯೇಬಿಟ್ಟರು.

ಮಧ್ಯಾಹ್ನದೊಳಗೆ ಉತ್ತರಗಳ ಮಳೆ. ಕಲ್ಲಂಗಡಿ ಎಂದವರುಂಟು, ಹಬೆಯಲ್ಲಿ ಬೇಯಿಸಿದ ಬನ್ನು ಎಂದವರುಂಟು. ಹೆಡ್‌ಮಾಸ್ಟರೂ ಉತ್ಸಾಹ ತಾಳಲಾರದೆ ಬರೆದರು: "ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆ. ಅನುಮಾನವೇ ಬೇಡ."

ಅದರ ಕೆಳಗೆ ಆ-ಛಿಂಗ್ ಎಂಬ ಹುಡುಗಿ ಬರೆದಳು: "ಸರ್, ಮೊಟ್ಟೆಗೆ ಮಚ್ಚೆ ಇರುತ್ತಾ? ನಿಮ್ಮ ತಲೆ ಮೇಲಿದೆಯಲ್ಲ, ಅಂಥದ್ದು?"

ಐದು ನಿಮಿಷದಲ್ಲಿ ಟೀಚರಿಗೆ ಕರೆ ಬಂತು. ಜೊತೆಗಿರಲೆಂದು ನನ್ನನ್ನೂ ಎಳೆದುಕೊಂಡು ಹೋದರು.

"ಹುಂಗ್ ಟೀಚರ್, ಇದು ಪಾಠಾನಾ?"

"ಗಮನಿಸೋ ಪಾಠ ಸರ್. ಆ-ಛಿಂಗ್ ಎಷ್ಟು ಚೆನ್ನಾಗಿ ಗಮನಿಸಿದ್ದಾಳೆ ನೋಡಿ."

"ತೆಗೆಯೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ?"

ಟೀಚರ್ ಮೊಬೈಲು ಹೊರತೆಗೆದರು. ಅಲ್ಲೇ ಫೋಟೊ ಅಳಿಸಿದರು. ಹೆಡ್‌ಮಾಸ್ಟರ್ ತಲೆಯಾಡಿಸಿದರು. ಮುಗಿಯಿತೆಂದುಕೊಂಡೆವು.

ಗುರುವಾರ ಆಲ್ಬಮ್ಮಿನಲ್ಲಿ ಹೊಸದೊಂದು ಚಿತ್ರ: ಕತ್ತಲು ತುಂಬಿದ ಗವಿ, ಒಳಗೆರಡು ಬೆಳ್ಳಿಯ ಮಿಂಚು. ಹಾಕಿದವರು ಹೆಡ್‌ಮಾಸ್ಟರ್. "ಇದು ಯಾವ ಗವಿ?"

ಮಕ್ಕಳು ದ್ವೀಪದ ಗವಿಗಳ ಹೆಸರನ್ನೆಲ್ಲ ಬರೆದರು. ಸಭೆಯಲ್ಲಿ ನಿದ್ದೆ ಹೋಗಿದ್ದಾಗ ತೆಗೆದ ತಮ್ಮದೇ ಬಾಯಿ ಅದೆಂದು, ಹಲ್ಲಿಗೆ ತುಂಬಿಸಿದ ಬೆಳ್ಳಿ ಕಂಡು ಟೀಚರಿಗೆ ಹೊಳೆಯಿತು. ಮೂವತ್ತು ವರ್ಷದಿಂದ ಕೈ ಅಡ್ಡವಿಟ್ಟು ನಗುತ್ತಿದ್ದವರು ಅವರು. ಕಿವಿಯವರೆಗೆ ಕೆಂಪಾದರು. ಸಿಟ್ಟಿನಿಂದ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದರೆ, ಅವರು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು.

"ಹೇಗನ್ನಿಸ್ತು?"

"ಹಾಳಾದ್ದು... ಚುಚ್ಚಿತು ಸರ್."

"ನನಗೂ."

ಇಬ್ಬರೂ ಗಹಗಹಿಸಿ ನಕ್ಕರು. ಟೀಚರ್ ಕೈ ಅಡ್ಡವಿಡಲು ಮರೆತಿದ್ದರು.

ಮರುದಿನ ಟೀಚರ್ ನಡೆದದ್ದನ್ನೆಲ್ಲ ಮಕ್ಕಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿ, ತಪ್ಪು ತಮ್ಮಿಂದಲೇ ಶುರುವಾದದ್ದು ಎಂದರು. ಇನ್ನು ಮೇಲೆ ಯಾರ ಮೈಯ ಚೂರಿನ ಫೋಟೊ ತೆಗೆಯುವ ಮುಂಚೆಯೂ ಅವರನ್ನು ಕೇಳಲೇಬೇಕು.

ಆ-ಛಿಂಗ್ ತಡಮಾಡಲಿಲ್ಲ.

"ಟೀಚರ್, ನಿಮ್ಮ ಕಿವಿ ಕೊಡ್ತೀರಾ?"

"ಯಾಕೇ?"

"ಒಳಗೆ ಕೂದಲಿದೆ. ಯಾರೂ ಕಂಡುಹಿಡಿಯಲ್ಲ."

ಟೀಚರ್ ಕೂದಲನ್ನು ಹಿಂದಕ್ಕೆ ಸರಿಸಿ, ಬೆಂಚಿನ ಮೇಲೆ ತಲೆ ವಾಲಿಸಿದರು.