ಕೌಸಲ್ಯಾ ಆಂಟಿಯ ಏಳು ಮೆಟ್ಟಿಲು, ಒಂದು ಅಗ್ಗದ ಗರಗಸ

ಮೇಲಿನ ಮನೆಯ ಕೌಸಲ್ಯಾ ಆಂಟಿ ಗುಟ್ಟಾಗಿ ಚಟ್ನಿಪುಡಿ ವ್ಯಾಪಾರ ಮಾಡುತ್ತಾರೆಂದು ನಾನು ಬಹಳ ದಿನ ನಂಬಿದ್ದೆ. ಕಾರಣ, ಸದ್ದು. ಭಾನುವಾರ ತಿಂಡಿ ಹೊತ್ತು ಮುಗಿಯಿತೆಂದರೆ ನನ್ನ ತಲೆಯ ಮೇಲೆ ಗರ್ರ್ ಎಂದು ಶುರುವಾಗುತ್ತಿತ್ತು; ನಿಲ್ಲುತ್ತಿತ್ತು; ಸ್ವಲ್ಪ ಹೊತ್ತಿಗೆ ಮತ್ತೆ ಗರ್ರ್. ಮಿಕ್ಸಿ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ತಿರುವುವುದು ನಮ್ಮಮ್ಮನ ಕ್ರಮ. ಮುಂಬಯಿಯ ಕಾಂದಿವಲಿಯಲ್ಲಿ ಒಂಟಿಯಾಗಿ, ವಡಾಪಾವನ್ನೇ ನಂಬಿ ಬದುಕುವವನಿಗೆ ಅಷ್ಟು ಸಾಕ್ಷಿ ಸಾಕು. ಒಂದು ಸ್ಟೀಲ್ ಡಬ್ಬಿ ತೊಳೆದು ಒರೆಸಿಕೊಂಡು ಮೇಲೆ ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆದವರ ಕೂದಲು, ಹುಬ್ಬು, ಭುಜ, ಎಲ್ಲೆಲ್ಲೂ ತಿಳಿಕಂದು ಪುಡಿ. ಕಣ್ಣಿಗೆ ಈಜುಗಾರರ ಥರದ ಪ್ಲಾಸ್ಟಿಕ್ ಕನ್ನಡಕ. ಖಾರ ಕಣ್ಣಿಗೆ ಹಾರದಿರಲೆಂದು ಹಾಕಿಕೊಂಡಿದ್ದಾರೆ, ಎಂಥ ಅಚ್ಚುಕಟ್ಟು ಎಂದು ಮೆಚ್ಚಿಕೊಂಡೆ.

"ಆಂಟಿ, ನಾನು ಕೆಳಗಿನ ಮನೆ ರೋಹಿತ್. ಕಾಲು ಕೆಜಿ ಸಾಕು," ಎಂದು ಡಬ್ಬಿ ಮುಂದೆ ಹಿಡಿದೆ.

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಹಿಂದೆ ಹಾಲ್‌ನಲ್ಲಿ ಎರಡು ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಒಂದು ಹಲಗೆ ಅಡ್ಡ ಮಲಗಿತ್ತು. ಅದರ ಕೆಳಗೆ ನೆಲದ ತುಂಬ ನಾನು ಅನ್ನಕ್ಕೆ ಕಲಸಿಕೊಳ್ಳಬೇಕೆಂದಿದ್ದ ಪುಡಿ.

"ಡಬ್ಬಿ ಅಲ್ಲಿಡು. ಕೈ ಗಟ್ಟಿ ಇದೆಯಾ? ಹಾಗಾದ್ರೆ ಬಾ, ಈ ಹಲಗೆ ತುದಿ ಹಿಡ್ಕೋ."

ಹಿಡಿದುಕೊಂಡೆ. ಒಂದು ಕೊರಿಯರ್ ಕಂಪನಿಯ ದೂರು ವಿಭಾಗದಲ್ಲಿ ಕೂತು ಜನರ ಬೈಗುಳ ಕೇಳಿ ಸಂಬಳ ಎಣಿಸುವ ನನಗೆ, ಹೇಳಿದಷ್ಟು ಮಾಡುವುದು ಅಭ್ಯಾಸವಾಗಿದೆ. ಮರಗೆಲಸದಲ್ಲಿ ನನ್ನ ಅನುಭವವೂ ಸಣ್ಣದಲ್ಲ: ಗೋಡೆಗೆ ಟೇಪಿನಿಂದ ಅಂಟಿಸಿದ ಶೆಲ್ಫೊಂದು ನನ್ನ ಶೇವಿಂಗ್ ಸಾಮಾನಿನ ಸಮೇತ ಕಮೋಡಿಗೆ ಬಿದ್ದಿದೆ.

ಕೌಸಲ್ಯಾ ಆಂಟಿಗೆ ಐವತ್ತು ದಾಟಿದೆ. ದಾದರಿನ ಒಂದು ಖಾಸಗಿ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಾರೆ. ಮದುವೆಯಾಗಿ ಮಂಡ್ಯದಿಂದ ಬಂದವರು, ಅಂದಿನಿಂದ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತೇ ಬೆಳೆದವರು. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಬಿಡದವರ ಪಕ್ಕ ಏನೂ ಮಾತಾಡದೆ ಕೂತುಬಿಡುತ್ತಾರಂತೆ. ಜಾಗ ತಾನಾಗಿ ಆಗುತ್ತದಂತೆ. ಮಂಡ್ಯದಲ್ಲಿ ಅವರಪ್ಪ ಮೇಷ್ಟ್ರು, ರಜೆ ಬಂದರೆ ಬಡಗಿ. ಮಣೆ, ಕಪಾಟು, ಸೊಳ್ಳೆಪರದೆಯ ಕೋಲು, ಎಲ್ಲ ಮನೆಯಲ್ಲೇ ಮಾಡುತ್ತಿದ್ದರು.

"ಗರಗಸ ನನ್ನ ತಮ್ಮನ ಕೈಗೆ ಕೊಡೋರು. ಅವನಿಗೆ ಅಳು ಬರೋದು. ನಾನು ಹಲಗೆ ತುದಿ ಹಿಡ್ಕೊಂಡು ನಿಂತಿರೋಳು," ಎಂದರು ಒಂದು ದಿನ. "ಈಗ ನೀನು ಹಿಡ್ಕೊಂಡಿದ್ದೀಯಲ್ಲ, ಹಾಗೇ. ಅಲ್ಲಾಡಬೇಡ."

ಆದರೆ ಅವರು ಗರಗಸ ಹಿಡಿದದ್ದು ಆ ಹಳೆಯ ಆಸೆಗಲ್ಲ, ಗೊಂಬೆಗಳಿಗಾಗಿ. ಅವರ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿ. ಅತ್ತೆಯ ಕಾಲದ ಪಟ್ಟದ ಗೊಂಬೆಗಳು, ಚಂದನದ ಬಣ್ಣದ ರಾಜ ರಾಣಿ, ಸೊಸೆಯ ಕೈಗೆ ಬಂದಿವೆ. ಇಷ್ಟು ವರ್ಷ ಟ್ರಂಕು, ಸೂಟ್‌ಕೇಸು, ಅಕ್ಕಿ ಡಬ್ಬ, ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೊಂದು ಬಿಳಿ ಪಂಚೆ ಹಾಸಿ ಮೆಟ್ಟಿಲೆಂದು ಕರೆಯುತ್ತಿದ್ದರು. ಕಳೆದ ವರ್ಷ ಆರತಿಯ ಹೊತ್ತಿಗೆ ಒಂದು ಸೂಟ್‌ಕೇಸು ಜಾರಿತು. ಶೆಟ್ಟರ ಗೊಂಬೆ ತನ್ನ ಅಂಗಡಿಯ ಸಮೇತ ನೆಲಕ್ಕುರುಳಿ ಕೈ ಮುರಿದುಕೊಂಡಿತು. ಬಂದ ಹೆಂಗಸರೆಲ್ಲ ನೋಡಿದರು. ನೋಡಿದವರಲ್ಲಿ ಸುಪ್ರಜಾ ಕೂಡ ಇದ್ದರು. ಅವರು ಆಂಟಿಯ ಗಂಡ ರಾಮಸ್ವಾಮಿ ಅಂಕಲ್‌ರ ಅಕ್ಕ. ಮುಲುಂಡಿನಲ್ಲಿ ದೊಡ್ಡ ಫ್ಲಾಟು, ಅದರಲ್ಲಿ ಗೋಡೆಯುದ್ದ ಗಾಜಿನ ಶೋಕೇಸು.

"ಮುಂದಿನ ಸಲ ಸರಿಯಾದ ಮೆಟ್ಟಿಲಿಲ್ಲ ಅಂದ್ರೆ ಅಮ್ಮನ ಪಟ್ಟದ ಗೊಂಬೆ ನಮ್ಮನೆಗೆ ಬರತ್ತೆ. ಏನೋ ರಾಮು?" ಎಂದಿದ್ದರು.

ರಾಮು ಅಂಕಲ್ ಬಾಯಲ್ಲಿ ಕೋಡುಬಳೆ ಇತ್ತು. ತಲೆಯಾಡಿಸಿಬಿಟ್ಟರು. ಆ ತಲೆಯಾಟಕ್ಕೆ ಆಂಟಿ ಇವತ್ತಿಗೂ ಅವರನ್ನು ಪೂರ್ತಿ ಕ್ಷಮಿಸಿಲ್ಲ.

ಮೊದಲು ಬಡಗಿಯನ್ನೇ ಕರೆದರು. ಶಿವಪುತ್ರ ಎಂಬವನು, ವಿಜಯಪುರದ ಕಡೆಯವನು, ಎದುರಿನ ಫ್ಲಾಟಿನಲ್ಲಿ ಅಡುಗೆಮನೆಯ ಕೆಲಸ ಹಿಡಿದಿದ್ದ.

"ಏ ಅಕ್ಕಾರ, ಇಂಥಾ ಸಣ್ಣ ಕೆಲ್ಸಾ ನಾ ಹಿಡಿಯೂದಿಲ್ರೀ. ಪೂರಾ ಹಾಲ್ ಮಾಡ್ಸೂದಿದ್ರ ಹೇಳ್ರಿ, ಗೊಂಬಿ ಮೆಟ್ಲಾ ಪುಕ್ಕಟ ಮಾಡಿ ಕೊಡ್ತೀನಿ."

ರೆಡಿಮೇಡ್ ಕಬ್ಬಿಣದ ಸ್ಟ್ಯಾಂಡ್ ತರಿಸೋಣವೆಂದರು ಅಂಕಲ್. "ತರಿಸಿ, ಆಮೇಲೆ ವರ್ಷವೆಲ್ಲ ಅದರ ಮೇಲೇ ಮಲಗಿ," ಎಂದು ಆಂಟಿ ಮಾತು ಮುಗಿಸಿದರು. ಅವರಿಗೆ ಬೇಕಾಗಿದ್ದು ಏಳು ಬೆಂಚುಗಳು: ಹಬ್ಬ ಮುಗಿದ ಮೇಲೆ ಚಿಕ್ಕದು ದೊಡ್ಡದರ ಕೆಳಗೆ ನುಗ್ಗಿ, ಏಳೂ ಸೇರಿ ಮಂಚದ ಪಕ್ಕದ ಒಂದೇ ಮೂಲೆಯಲ್ಲಿ ಅಡಗಬೇಕು.

ಹೀಗೆ ಮನೆಗೆ ಬಂತು ಆನ್‌ಲೈನಿನ ಅತಿ ಅಗ್ಗದ ಸೆಟ್ಟು: ಒಂದು ಡ್ರಿಲ್ಲು, ಒಂದು ಉಜ್ಜುವ ಮಷೀನು, ಮತ್ತೊಂದು ಜಿಗ್‌ಸಾ. ಜಿಗ್‌ಸಾ ಎಂದರೆ ಹೊಲಿಗೆ ಮಷೀನಿನ ಸೂಜಿಯ ಹಾಗೆ ಮೇಲೆ ಕೆಳಗೆ ಕುಣಿಯುವ ಪುಟ್ಟ ಗರಗಸ. ನಾನು ಹಲಗೆ ಹಿಡಿಯಲು ಸೇರಿಕೊಂಡ ಮೇಲೆ, ವಿದ್ಯಾವಂತ ಸಹಾಯಕನ ಕರ್ತವ್ಯವೆಂದು ಮೊಬೈಲ್ ತೆಗೆದು ಜನರ ಅಭಿಪ್ರಾಯ ಓದಿದೆ.

"ಆಂಟಿ, ಇದಕ್ಕೆ ಮೂರೇ ಸ್ಟಾರ್ ಕೊಟ್ಟಿದ್ದಾರೆ."

"ನಿನಗೆಷ್ಟು ಕೊಟ್ಟಿದ್ದಾರಪ್ಪಾ, ನಿಮ್ಮ ಆಫೀಸಲ್ಲಿ?"

ಮೊಬೈಲ್ ಜೇಬಿಗೆ ಹಾಕಿಕೊಂಡೆ.

ಒಂದು ದಿನ ಶಿವಪುತ್ರ ಬಾಗಿಲಲ್ಲಿ ಇಣುಕಿ, ಮಷೀನನ್ನು ಕೈಯಲ್ಲಿ ತೂಗಿ ನೋಡಿ ನಕ್ಕ. "ಇದು ಹುಡುಗೂರು ಆಡೂ ಸಾಮಾನ ಐತ್ರೀ ಅಕ್ಕಾರ. ದಿನಾ ಹೊಡದ್ರ ಎಂಟ ದಿನದಾಗ ಸುಟ್ಟು ಹೋಗ್ತೈತಿ."

"ದಿನಾ ಹೊಡೆಯೋನು ನೀನು. ನಾನು ಭಾನುವಾರ ಭಾನುವಾರ ಹೊಡೆಯೋಳು. ನಿನ್ನ ಮಷೀನು ನಿನ್ನ ಹೊಟ್ಟೆಗೆ, ನನ್ನದು ನನ್ನ ಹಟಕ್ಕೆ," ಎಂದರು ಆಂಟಿ. ಶಿವಪುತ್ರ ಅದನ್ನು ಒಪ್ಪಿ, ಒಂದು ಲೋಟ ಕಾಫಿ ಕುಡಿದು ಹೋದ.

ಅಗ್ಗದ ಮಷೀನಿನ ಬಗ್ಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳಿಬಿಡುತ್ತೇನೆ. ಅದರ ಜೊತೆ ಬರುವ ಬ್ಲೇಡು ಬೆಣ್ಣೆಗೆ ಮಾತ್ರ ಯೋಗ್ಯ. ಒಳ್ಳೆಯ ಬ್ಲೇಡು ಬೇರೆ ತರಬೇಕು. ಒತ್ತಿ ದೂಡಿದರೆ ಗೆರೆ ಬಿಟ್ಟು ತನ್ನ ದಾರಿ ಹಿಡಿಯುತ್ತದೆ. ಬಿಸಿಯಾದರೆ ರಬ್ಬರ್ ಸುಟ್ಟ ವಾಸನೆ, ಆಗ ಬಿಡುವು ಕೊಡಲೇಬೇಕು. ನಾನು ಕೆಳಗೆ ಕೂತು ಚಟ್ನಿಪುಡಿ ಎಂದುಕೊಂಡದ್ದು ಆ ಬಿಡುವನ್ನೇ. ದಪ್ಪ ತೇಗಕ್ಕೆ ಅದು ಕೈ ಮುಗಿಯುತ್ತದೆ. ಆಂಟಿ ತೇಗ ಕೇಳಲೇ ಇಲ್ಲ. ಪ್ಲೈವುಡ್ಡಿನ ಉದ್ದನೆಯ ಪಟ್ಟಿಗಳನ್ನು ಅಂಗಡಿಯಲ್ಲೇ ಸೀಳಿಸಿಕೊಂಡರು. ಕಾಲುಗಳಿಗೆ ಜೋಗೇಶ್ವರಿಯಿಂದ ಪ್ಯಾಕಿಂಗಿನ ಹಗುರ ಪೈನ್ ಮರ ತಂದರು. ತಂದರು ಎಂದರೆ, ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಹೊತ್ತು ತಂದವನು ನಾನು. ಮರಕ್ಕೆ ಹತ್ತಿದ ಮೀನಿನ ವಾಸನೆ ಆಮೇಲೆ ಬಣ್ಣ ಬಳಿದಾಗ ಹೋಯಿತು. ನನ್ನ ಆಫೀಸಿನ ಶರ್ಟಿಗೆ ಅಂಥ ಭಾಗ್ಯವಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಮುಂಚೆಯೇ ಏಳೂ ಬೆಂಚು ತಯಾರಾದವು. ತಪ್ಪು ಆಗಿದ್ದು ಅಲ್ಲೇ. ಮೇಲಿನ ಬೆಂಚಿನ ಅಳತೆ ತೆಗೆಯುವ ಹೊತ್ತಿಗೆ ಪಿತೃಪಕ್ಷ ಬಂದಿತ್ತು. ಪಿತೃಪಕ್ಷದಲ್ಲಿ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆಯುವಂತಿಲ್ಲ. ಕರೆಂಟಿನ ಗರಗಸಕ್ಕೆ ಹೆದರದ ಆಂಟಿ ಈ ಕಟ್ಟಳೆಗೆ ಹೆದರಿದರು. ರಾಜನ ಎತ್ತರವನ್ನು ನೆನಪಿನಿಂದಲೇ, ಮೊಳಕೈ ಮಡಿಚಿ ತೋರಿಸಿ ಲೆಕ್ಕ ಹಾಕಿದರು.

ಪಾಡ್ಯದ ದಿನ ಬೆಳಿಗ್ಗೆ ಪೆಟ್ಟಿಗೆ ತೆರೆದು ರಾಜನನ್ನು ಮೇಲಿನ ಮೆಟ್ಟಿಲಿಗೆ ಎತ್ತಿದಾಗ ಟಕ್ ಎಂದಿತು. ರಾಜನ ಪೇಟ ಗೋಡೆಯ ಎ.ಸಿ.ಗೆ ಬಡಿದಿತ್ತು. ಪೇಟವನ್ನೂ, ರಾಜ ನಿಲ್ಲುವ ಮಣೆಯನ್ನೂ ಆಂಟಿಯ ನೆನಪು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾಲ್ಕು ಬೆರಳು ಹೆಚ್ಚು.

"ಎದುರು ಗೋಡೆಗೆ ಹಾಕೋಣ," ಎಂದೆ.

"ಎದುರಿಗೆ ಬಚ್ಚಲ ಬಾಗಿಲು. ರಾಜ ಏನು ಕ್ಯೂ ನಿಂತ್ಕೋಬೇಕಾ?"

"ಮೇಲಿನ ಮೆಟ್ಟಿಲೇ ತೆಗೆದುಬಿಟ್ರೆ?"

"ಆರಾಗತ್ತೆ. ಗೊಂಬೆಗೆ ಸಮಸಂಖ್ಯೆ ಇಡ್ತಾರೇನೋ? ಐದು ಮಾಡಿದ್ರೆ ಅರ್ಧ ಗೊಂಬೆ ಸೋಫಾ ಮೇಲೆ ಕೂರಬೇಕು."

ರಾಮಸ್ವಾಮಿ ಅಂಕಲ್ ಮೆಲ್ಲನೆ ಕೆಮ್ಮಿದರು. "ಕೌಸಲ್ಯಾ, ಸಾಯಂಕಾಲ ಅಕ್ಕ ಬರ್ತಾಳೆ. ಅವಳ ಮನೇಲಿ ಹೇಗೂ ಶೋಕೇಸಿದೆ. ಪಟ್ಟದ ಗೊಂಬೆ ಎರಡನ್ನ..."

"ರೀ, ನೀವು ಹೋಗಿ ಹೂ ತಗೊಂಡು ಬನ್ನಿ."

ಅಂಕಲ್ ಚಪ್ಪಲಿ ಹುಡುಕಿದರು.

ಉಳಿದ ದಾರಿ ಒಂದೇ: ಎತ್ತರದ ಬೆಂಚಿನ ನಾಲ್ಕೂ ಕಾಲುಗಳನ್ನು ನಾಲ್ಕು ಬೆರಳು ಕತ್ತರಿಸುವುದು. ಆಂಟಿ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಹಣೆಯ ಕುಂಕುಮ ಕೆಡದಂತೆ ಕನ್ನಡಕ ಹಾಕಿಕೊಂಡರು. ಬೆಂಚನ್ನು ಮಲಗಿಸಿ ಮೇಲೆ ನನ್ನನ್ನು ಕೂರಿಸಿದರು. ಆ ಕೆಲಸಕ್ಕೆ ಬೇಕಾದ ಅರ್ಹತೆ ನನ್ನ ತೂಕದಲ್ಲಿತ್ತು. ಮೊದಲ ಕಾಲು ನೆಟ್ಟಗೆ ಬಂತು. ಎರಡನೆಯದು ಸ್ವಲ್ಪ ಓರೆ. ಮೂರನೆಯದರ ಮಧ್ಯದಲ್ಲಿ ವಾಸನೆ ಶುರುವಾಯಿತು, ನಂತರ ಸಣ್ಣಗೆ ಹೊಗೆ, ನಂತರ ಮಷೀನು ನಿಂತೇಹೋಯಿತು.

ನನಗೆ ಶಿವಪುತ್ರನ ನಗು ನೆನಪಾಯಿತು. "ಆಂಟಿ, ಸುಟ್ಟುಹೋಯ್ತು."

"ಸುಟ್ಟಿಲ್ಲ, ಸುಸ್ತಾಗಿದೆ. ಹಬ್ಬದ ದಿನ ಬೆಳಗಿನಿಂದ ನನಗೂ ಸುಸ್ತಾಗಿದೆ, ನಾನೇನು ಸತ್ತಿದ್ದೀನಾ?"

ಪ್ಲಗ್ ತೆಗೆದು ಮಷೀನನ್ನು ಫ್ಯಾನಿನ ಕೆಳಗೆ ಮಲಗಿಸಿದರು. ಕಾಫಿ ಮಾಡಿದರು. ಕುಡಿದರು. ನಾನು ಎರಡು ಸಲ ಗಡಿಯಾರ ನೋಡಿದೆ. ಅವರು ಒಂದು ಸಲವೂ ನೋಡಲಿಲ್ಲ. ಆಮೇಲೆ ಬ್ಲೇಡು ಬದಲಾಯಿಸಿ, ಪ್ಲಗ್ ಚುಚ್ಚಿ, ಗುಂಡಿ ಒತ್ತಿದರು.

ಗರ್ರ್.

ಅಷ್ಟು ಕರ್ಕಶವಾದ ಸದ್ದಿಗೆ ನಾನು ಜೀವನದಲ್ಲಿ ಮೊದಲ ಸಲ ಚಪ್ಪಾಳೆ ಹೊಡೆದೆ. ಹೊಡೆದು ಬೈಸಿಕೊಂಡೆ, ಯಾಕೆಂದರೆ ಬೆಂಚು ಅಲ್ಲಾಡಿತು.

ನಾಲ್ಕೂ ಕಾಲು ಮುಗಿದ ಮೇಲೆ ಬೆಂಚು ನಿಲ್ಲಿಸಿದರೆ ಒಂದು ಕಾಲು ಗಿಡ್ಡ. ಉಳಿದ ಮೂರನ್ನು ಇನ್ನೊಂದಿಷ್ಟು ಕತ್ತರಿಸೋಣವೇ ಎಂದೆ. "ಕತ್ತರಿಸ್ತಾ ಕತ್ತರಿಸ್ತಾ ಹೋದ್ರೆ ಮಣೆ ಆಗತ್ತೆ," ಎಂದು, ಮಷೀನು ಬಂದಿದ್ದ ರಟ್ಟಿನ ಡಬ್ಬಿಯ ಒಂದು ತುಂಡನ್ನು ಮಡಿಚಿ ಗಿಡ್ಡ ಕಾಲಿನ ಕೆಳಗೆ ಸೇರಿಸಿದರು. ಬೆಂಚು ನಿಂತಿತು. ರಾಜನನ್ನು ಎತ್ತಿದೆವು. ಪೇಟಕ್ಕೂ ಎ.ಸಿ.ಗೂ ನಡುವೆ ಒಂದು ಪೋಸ್ಟ್‌ಕಾರ್ಡು ತೂರುವಷ್ಟು ಜಾಗ. ನವರಾತ್ರಿ ಮುಗಿಯುವವರೆಗೆ ಎ.ಸಿ. ಹಾಕುವಂತಿಲ್ಲ, ರಾಜನಿಗೆ ನೆಗಡಿಯಾಗುತ್ತದೆ ಎಂದರು ಹೂ ತಂದ ಅಂಕಲ್. ಬೆಳಗಿನಿಂದ ಅವರು ಆಡಿದ ಒಂದೇ ಒಳ್ಳೆಯ ಮಾತು ಅದು.

ಸಾಯಂಕಾಲ ಹಾಲ್ ತುಂಬ ಹೆಂಗಸರು. ಬಿಳಿ ಪಂಚೆಯ ಏಳು ಮೆಟ್ಟಿಲು, ದೀಪ, ಕೈಗೆ ಫೆವಿಕ್ವಿಕ್ ಹಾಕಿಸಿಕೊಂಡ ಶೆಟ್ಟರು ಮತ್ತೆ ಅಂಗಡಿಯಲ್ಲಿ. ಸುಪ್ರಜಾ ಬಂದರು. ಕುಂಕುಮ ತೆಗೆದುಕೊಂಡರು. ಹಾಡು ಹೇಳಿಸಿಕೊಂಡರು. ನಂತರ ಪಂಚೆಯ ಅಂಚನ್ನು ಮೆಲ್ಲನೆ ಎತ್ತಿ ಬಗ್ಗಿ ನೋಡಿದರು. ಎದ್ದು, ಮೇಲಿನ ಮೆಟ್ಟಿಲಿನ ತುದಿಗೆ ಅಂಗೈ ಊರಿ ಒತ್ತಿದರು. ನಾನು ಕೋಸಂಬರಿಯ ತಟ್ಟೆ ಹಿಡಿದು ಗಿಡ್ಡ ಕಾಲಿನ ಪಕ್ಕಕ್ಕೆ ಸರಿದು ನಿಂತೆ. ಇನ್ನೊಂದು ಸಲ, ಎರಡೂ ಕೈಯಿಂದ ಒತ್ತಿದರು. ರಾಣಿಯ ಮೂಗುತಿ ಕೂಡ ಅಲ್ಲಾಡಲಿಲ್ಲ.

"ಕಾಲು ಓರೆ ಇದೆ. ಕೆಳಗೆ ರಟ್ಟು ಇಟ್ಟಿದ್ದೀಯ," ಎಂದರು.

"ಹೂಂ ಅತ್ತಿಗೆ, ಇಟ್ಟಿದ್ದೀನಿ."

"ಆಟದ ಮಷೀನಂತೆ. ರಾಮು ಹೇಳಿದ."

ರಾಮು ಅಂಕಲ್ ಮತ್ತೆ ಚಪ್ಪಲಿ ಹುಡುಕತೊಡಗಿದರು.

"ನಿಜ ಹೇಳು ಕೌಸಲ್ಯಾ," ಸುಪ್ರಜಾ ಎಲ್ಲರಿಗೂ ಕೇಳುವ ಹಾಗೆ ಕೇಳಿದರು. "ಇಷ್ಟು ಧೂಳು, ಇಷ್ಟು ಸದ್ದು, ಈ ವಯಸ್ಸಲ್ಲಿ ಗರಗಸ. ನನಗೆ ಗೊಂಬೆ ಕೊಡಬಾರದು ಅಂತಾನೇ ತಾನೇ ಇದೆಲ್ಲ ಮಾಡಿದ್ದು?"

ಹೆಂಗಸರು ತಟ್ಟೆಯೊಳಗೆ ಏನೋ ಹುಡುಕುವವರ ಹಾಗೆ ತಲೆ ತಗ್ಗಿಸಿದರು. ಹಬ್ಬದ ಮನೆಯಲ್ಲಿ ಇಂಥ ಪ್ರಶ್ನೆಗೆ 'ಛೆ ಛೆ, ಹಾಗೇನಿಲ್ಲ' ಎನ್ನುವುದು ರೂಢಿ. ನಾನಾಗಿದ್ದರೆ ಅದನ್ನೇ ಎರಡು ಸಲ ಹೇಳಿ, ಗೊಂಬೆಯನ್ನೂ ಪ್ಯಾಕ್ ಮಾಡಿ ಕೊಟ್ಟಿರುತ್ತಿದ್ದೆ.

ಆಂಟಿ ಕೂದಲಲ್ಲಿ ಉಳಿದಿದ್ದ ಮರದ ಪುಡಿಯನ್ನು ಕೊಡವಿಕೊಂಡರು.

"ಹೌದು," ಎಂದರು. "ಅದಕ್ಕೇ ಮಾಡಿದ್ದು. ಮಷೀನು ಸುಟ್ಟರೆ ಇನ್ನೊಂದು ಅಗ್ಗದ್ದು ತರ್ತೀನಿ. ಗೊಂಬೆ ಕೊಡಲ್ಲ."