ಕಡೂರಿನಲ್ಲಿ ಅಣ್ಣ ಹೊಡೆದ ಗೋಲು

ಫುಟ್‌ಬಾಲ್ ಆಡಲು ಬೂಟು ಬೇಕೆಂಬುದು ನಮ್ಮ ಅಜ್ಜಂಪುರದಲ್ಲಿ ಯಾರಿಗೂ ಗೊತ್ತಿಲ್ಲದಿದ್ದ ಕಾಲದ ಮಾತು ಇದು. ರಾಗಿ ಕೊಯ್ದ ಹೊಲದಲ್ಲಿ, ಕೂಳೆ ಚುಚ್ಚುವ ನೆಲದ ಮೇಲೆ, ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಅವರೆಕಾಯಿ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ವಾಸನೆ. ಅಡುಗೆಮನೆಯಿಂದ ಸೊಗಡಿನ ಘಮ, ಕೊಟ್ಟಿಗೆಯಿಂದ ಹರಳೆಣ್ಣೆ ಹಚ್ಚಿದ ತೊಗಲಿನ ನಾತ. ಆ ತೊಗಲು ನನ್ನ ಅಣ್ಣ ರುದ್ರೇಶನ ಚೆಂಡು. ಅದು ಹೊಸಿಲು ದಾಟಿ ಒಳಗೆ ಬಂದರೆ ನಾನು ಹೊರಗೆ ಹೋಗುತ್ತೇನೆ ಎಂದು ಅವ್ವ ಹೇಳಿದ್ದರಿಂದ ಚೆಂಡು ಎಮ್ಮೆಯ ಜೊತೆ ಮಲಗುತ್ತಿತ್ತು.

ಚೆಂಡು ಕೊಟ್ಟವರು ಪಾದ್ರಿ ಇಗ್ನಾಸಿಯೊ. ಸ್ಪೇನ್ ದೇಶದವರು. ರೈಲ್ವೆಯಲ್ಲಿದ್ದ ನಾಲ್ಕಾರು ಕ್ರೈಸ್ತ ಕುಟುಂಬಗಳಿಗಾಗಿ ಬಂದು ಸ್ಟೇಷನ್ ಹತ್ತಿರ ಮನೆ ಮಾಡಿದ್ದರು. ಸಂಜೆಯಾದರೆ ಹೈಸ್ಕೂಲಿನ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಕನ್ನಡವನ್ನು ಅಡುಗೆಯವನಿಂದ ಕಲಿತಿದ್ದರಿಂದ ಅವರೂ ನಮ್ಮ ಹಾಗೆಯೇ "ಬತ್ತೀನಿ, ಹೋಯ್ತೀನಿ" ಎನ್ನುವವರು. ಆ ಬಿಳಿ ಮುಖದಿಂದ ಆ ಮಾತು ಬರುವುದನ್ನು ಕೇಳಬೇಕೆಂದೇ ಅಜ್ಜಿ ಅವರನ್ನು ಜಗಲಿಯಲ್ಲಿ ಕೂರಿಸಿ ಅವರೆಕಾಳಿನ ಉಸಲಿ ಕೊಡುತ್ತಿದ್ದಳು.

ಅವರ ಕಥೆಯೆಲ್ಲ ಹೊರಬಿದ್ದದ್ದು ಆ ಜಗಲಿಯ ಮೇಲೆಯೇ. ಚಿಕ್ಕವರಿದ್ದಾಗ ತಮ್ಮ ಊರಿನ ತಂಡಕ್ಕೆ ಆಡಿದರಂತೆ. ಆಟ ಕಂಡು ದೊಡ್ಡ ಪಟ್ಟಣದ ತಂಡದವರು ಸಂಬಳ ಕೊಟ್ಟು ಕರೆದುಕೊಂಡು ಹೋದರಂತೆ.

"ಆಟ ಆಡಿದ್ದಕ್ಕೆ ಸಂಬ್ಳವಾ!" ಅಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಹೂಂ ಕಣಜ್ಜಿ. ಎರಡೇ ವರ್ಷ. ಆಮೇಲೆ ಮಂಡಿ ಮುರೀತು."

ಮಂಡಿ ಮುರಿದ ಮೇಲೆ ಅದೇ ತಂಡದ ಹುಡುಗರಿಗೆ ಕೋಚ್ ಆದರು. ಅಷ್ಟರಲ್ಲಿ ಅವರ ದೇಶದಲ್ಲಿ ಯುದ್ಧವಾಯಿತು. ಕಲಿಸಿದ ಹುಡುಗರು ದಿಕ್ಕಾಪಾಲಾದರು, ಇವರು ಪಾದ್ರಿಯಾದರು. ಇದನ್ನೆಲ್ಲ ಅವರು ಬಸ್ಸು ತಪ್ಪಿದ ಸುದ್ದಿ ಹೇಳಿದ ಹಾಗೆ ಹೇಳಿ ಇನ್ನಷ್ಟು ಉಸಲಿ ಹಾಕಿಸಿಕೊಂಡರು.

ಅಣ್ಣನ ವಿಷಯಕ್ಕೆ ಬಂದರೆ ಮಾತ್ರ ಅವರ ಧಾಟಿ ಬೇರೆ. "ಇವನ ಕಾಲಲ್ಲಿ ಆಟ ಐತೆ ಬಸಪ್ಪನೋರೆ" ಎಂದು ಅಪ್ಪಯ್ಯನಿಗೆ ದುಂಬಾಲು ಬಿದ್ದರು. ಬೆಂಗಳೂರಿನಲ್ಲಿ ತಮಗೆ ಗೊತ್ತಿರುವ ತಂಡವೊಂದಿದೆ, ಅಲ್ಲೇ ಓದಿಸಿ, ಊಟ ಹಾಕಿ, ಆಡಿಸುತ್ತಾರೆ, ಇವನನ್ನು ಕಳಿಸಿಕೊಡಿ ಎಂದರು. ಅಣ್ಣ ಅಪ್ಪಯ್ಯನ ಮುಖವನ್ನೇ ನೋಡುತ್ತಿದ್ದ. ಅಪ್ಪಯ್ಯನಿಗೆ ತೆಂಗಿನ ತೋಟ, ಒಣಹೊಲ ಇಷ್ಟೇ ಲೋಕ. ಅವರು ಎಲೆಅಡಿಕೆ ಅಗಿದು ಮುಗಿಸಿದರು. ಕೊನೆಗೆ, "ಸಂಕ್ರಾಂತಿ ಕಳೆದ್ಮೇಲೆ ಕಡೂರಲ್ಲಿ ಮ್ಯಾಚ್ ಐತಂತಲ್ಲ ಸ್ವಾಮಿ. ಬಂದು ನೋಡ್ತೀನಿ. ನೋಡಿ ಹೇಳ್ತೀನಿ" ಎಂದರು.

ಅಣ್ಣನ ಆಟಕ್ಕೆ ಒಂದೇ ಒಂದು ತೊಡಕಿತ್ತು. ನಮ್ಮಲ್ಲಿ ಕಾಲು ಯಾರಿಗಾದರೂ ತಾಗಿದರೆ ಕೂಡಲೇ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನಡೆಯಲು ಕಲಿತಾಗಿನಿಂದ ರೂಢಿಯಾದದ್ದು. ಫುಟ್‌ಬಾಲಿನಲ್ಲಿ ಕಾಲಿಗೆ ಕಾಲು ತಾಗದೆ ಇರುತ್ತದೆಯೇ? ತಾಗಿದ್ದೇ ತಡ, ಅಣ್ಣ ನಿಂತು, ಬಗ್ಗಿ, ಎದುರಿನವನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಷ್ಟರಲ್ಲಿ ಚೆಂಡು ಮೂರನೆಯವನ ಪಾಲು. ಇವನೊಬ್ಬನೇ ಅಲ್ಲ, ಇಡೀ ತಂಡವೇ ಹೀಗೆ. ಪಾದ್ರಿ ತಲೆ ಚಚ್ಚಿಕೊಂಡರು.

"ಲೇ, ಏನ್ರೋ ಇದು ಪೂಜೆ! ಆಟ ಮುಗಿದ್ಮೇಲೆ ಎಷ್ಟು ಬೇಕೋ ಅಷ್ಟು ಮುಟ್ಕಳ್ರೋ. ಈಗ ಓಡ್ರೋ!"

ಈ ರೂಢಿ ಬಿಡಿಸಲು ಮನೆಯಲ್ಲೂ ಅಭ್ಯಾಸ ಮಾಡು ಎಂದು ಅಣ್ಣನಿಗೆ ಹೇಳಿದರು. ಅಭ್ಯಾಸಕ್ಕೆ ಸಿಕ್ಕ ಬಡಪಾಯಿ ನಾನು. ಕಣದಲ್ಲಿ ನಾನು ಚೆಂಡು ಹಿಡಿದು ನಿಲ್ಲಬೇಕು. ಅವನು ಬಂದು ನನ್ನ ಕಾಲಿಗೆ ಕಾಲು ಕೊಟ್ಟು ಚೆಂಡು ಕಸಿದುಕೊಂಡು ಓಡಬೇಕು.

"ಕಾಲು ತಾಗ್ತಲ್ಲೋ! ಮುಟ್ಟಿ ಕಣ್ಣಿಗೊತ್ಕೊಳ್ಳೋ!"

"ಮುಟ್ಟಲ್ಲ ಹೋಗೇ. ಸ್ವಾಮಿಗಳು ಬ್ಯಾಡ ಅಂದವ್ರೆ."

"ಬಿದ್ದೋಗ್ತದೆ ನಿನ್ ಕಾಲು, ನೋಡ್ತಿರು!"

ಮೊದಮೊದಲು ಓಡುತ್ತಲೇ ಅವನ ಕೈ ತಾನಾಗಿ ನನ್ನ ಕಡೆ ಚಾಚಿಕೊಳ್ಳುತ್ತಿತ್ತು. ಸಂಕ್ರಾಂತಿ ಬರುವ ಹೊತ್ತಿಗೆ ಅದೂ ನಿಂತಿತು. ನನ್ನ ಮಂಡಿಗಳು ಕಿತ್ತುಹೋಗಿ ಅಜ್ಜಿ ಅರಿಶಿನ ಮೆತ್ತಿದಳು. ಪಾದ್ರಿಗೆ ಮಾತ್ರ ಸಂತೋಷವೋ ಸಂತೋಷ.

ರೈಲಿನಲ್ಲಿ ಬೀರೂರು ದಾಟಿ ಎಲ್ಲರೂ ಕಡೂರಿಗೆ ಹೋದೆವು. ಹಟ ಮಾಡಿ ನಾನೂ ಹೋದೆ. ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿ ನನ್ನ ತೊಡೆಯ ಮೇಲಿತ್ತು. ಅಪ್ಪಯ್ಯ ಮದುವೆಗೆ ಹೊರಟವರಂತೆ ಕೋಟು ಹಾಕಿ ರುಮಾಲು ಸುತ್ತಿದ್ದರು. ಅದನ್ನು ಕಂಡು, ಅಣ್ಣ ಬೆಂಗಳೂರಿಗೆ ಹೋದಂತೆಯೇ ಎಂದುಕೊಂಡೆ.

ಆಟ ಮುಗಿಯುತ್ತ ಬಂದರೂ ಎರಡು ಕಡೆಯೂ ಗೋಲಿಲ್ಲ. ಅಣ್ಣ ಚೆಂಡು ತಳ್ಳಿಕೊಂಡು ಗೋಲಿನ ಹತ್ತಿರ ಹೋದಾಗ ಕಡೂರಿನ ಕುಳ್ಳ ಹುಡುಗನೊಬ್ಬ ಅಡ್ಡ ಬಂದು ಚಂದವಾಗಿ ಕಸಿದುಕೊಂಡ. ಕಸಿಯುವಾಗ ಅವನ ಕಾಲು ಅಣ್ಣನ ಕಾಲಿಗೆ ತಾಗಿತು. ಚೆಂಡು ಅವನ ಮುಂದೆಯೇ ಇತ್ತು, ಒದ್ದಿದ್ದರೆ ಮುಗಿದಿತ್ತು. ಆದರೆ ಆ ಹುಡುಗ ನಿಂತ. ಬಗ್ಗಿ, ಅಣ್ಣನನ್ನು ಮುಟ್ಟಲು ಕೈ ಚಾಚಿದ. ಅಣ್ಣ ಆ ಕೈಯನ್ನು ದಾಟಿಕೊಂಡು ಚೆಂಡು ತೆಗೆದುಕೊಂಡು ಹೋಗಿ ಗೋಲು ಹೊಡೆದ.

ಪಾದ್ರಿ ನಿಲುವಂಗಿ ಎತ್ತಿಹಿಡಿದು ಮುರುಕು ಮಂಡಿಯಲ್ಲೇ ಕುಣಿದರು. ನಾನೂ ಕುಣಿದೆ. ಪಕ್ಕದಲ್ಲಿದ್ದ ಕಡೂರಿನ ಹಿರಿಯರೊಬ್ಬರು, ಸೋತ ಸಿಟ್ಟೇನೂ ಇಲ್ಲದೆ, ಅಪ್ಪಯ್ಯನನ್ನು ಕೇಳಿದರು: "ಆ ಹುಡುಗ ಬಗ್ಗಿದ್ರೂ ಇವನು ತಿರುಗಿ ನೋಡ್ಲಿಲ್ವಲ್ರೀ. ಯಾರ ಮನೆ ಹುಡುಗ?"

ಅಪ್ಪಯ್ಯ "ನಮ್ಮನೇದು" ಎಂದರು. ವಾಪಸ್ ಬರುವಾಗ ರೈಲಿನಲ್ಲಿ ಹುಡುಗರೆಲ್ಲ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅಪ್ಪಯ್ಯ ಕಿಟಕಿಯ ಕಡೆ ಮುಖಮಾಡಿ ಕೂತಿದ್ದರು.

ಮರುದಿನ ಸಂಜೆ ಪಾದ್ರಿ ಬಂದರು. ಜಗಲಿ ಹತ್ತುವ ಮೊದಲೇ, "ಯಾವಾಗ ಕಳಿಸ್ತೀರಿ ಬಸಪ್ಪನೋರೆ?" ಎಂದರು.

"ಕಳ್ಸಲ್ಲ ಸ್ವಾಮಿ."

"ಗೆದ್ನಲ್ಲಪ್ಪಾ!"

"ಗೆದ್ದ. ಹೆಂಗೆ ಗೆದ್ದ ಅಂತ್ಲೂ ನೋಡಿದ್ನಲ್ಲ."

ಪಾದ್ರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವರ ದನಿ ತಗ್ಗಿತು. "ಅದು ನಾನು ಕಲ್ಸಿದ್ದು. ತಪ್ಪಿದ್ರೆ ನಂದು, ಹುಡುಗಂದಲ್ಲ."

"ನಿಮ್ ಮ್ಯಾಲೆ ನಂಗೇನೂ ಬ್ಯಾಸರಿಲ್ಲ. ನಮ್ ಕಣ್ಮುಂದೆ ಇದ್ಕೊಂಡೇ ಇಷ್ಟು ಕಲ್ತವ್ನು ಅಲ್ಲಿ ಹೋಗಿ ಇನ್ನೇನ್ ಕಲ್ತಾನೋ. ಬ್ಯಾಡಿ."

"ನಂಗೆ ಎರಡು ವರ್ಷನಾದ್ರೂ ಸಿಕ್ತು. ಇವನಿಗೆ ಅದೂ ಬ್ಯಾಡ್ವಾ?"

ಅಜ್ಜಿ ತಂದಿಟ್ಟ ಉಸಲಿ ಆರಿತು, ಪಾದ್ರಿ ಮುಟ್ಟದೆ ಎದ್ದು ಹೋದರು. ಅಣ್ಣ ಕೊಟ್ಟಿಗೆಯಲ್ಲಿ ಎಮ್ಮೆಯ ಮೈಗೆ ಮುಖ ಒತ್ತಿಕೊಂಡು ಅಳುತ್ತಿದ್ದ. ನನಗೆ ಅಪ್ಪಯ್ಯನ ಮೇಲೆ ಬಂದ ಸಿಟ್ಟು ಅವರು ಸಾಯುವವರೆಗೂ ಪೂರ್ತಿ ಇಳಿಯಲಿಲ್ಲ. ಅಣ್ಣ ಚೆಂಡನ್ನಷ್ಟೇ ನೋಡುತ್ತಿದ್ದ, ಆ ಹುಡುಗ ಬಗ್ಗಿದ್ದು ಅವನಿಗೆ ಕಾಣಲೇ ಇಲ್ಲ ಎಂದು ಎಷ್ಟು ವರ್ಷ ಅವರೊಡನೆ ವಾದ ಮಾಡಿದೆನೋ! ಅಣ್ಣ ಒಂದು ದಿನವೂ ಆ ಮಾತಿಗೆ ಬಾಯಿ ಹಾಕಲಿಲ್ಲ. ಆ ಬೇಸಿಗೆಯಲ್ಲಿ ಪಾದ್ರಿಗೆ ಬೇರೆ ಊರಿಗೆ ವರ್ಗವಾಯಿತು. ಅಣ್ಣ ಓದು ಮುಗಿಸಿ ತೋಟಕ್ಕೆ ಇಳಿದ. ಮತ್ತೆ ಆಡಲಿಲ್ಲ.

ಈಚೆಗೆ ಊರಿಗೆ ಹೋದಾಗ ಅಣ್ಣ, ನಾನು ಹೈಸ್ಕೂಲಿನ ಮೈದಾನದ ಅಂಚಿನಲ್ಲಿ ಕೂತಿದ್ದೆವು. ಹುಡುಗರ ಕಾಲಲ್ಲಿ ಬಣ್ಣಬಣ್ಣದ ಬೂಟು. ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದು, ಎದ್ದು, ಬೈದುಕೊಂಡು ಓಡಿದರು. ನನಗೆ ತಡೆಯಲಾಗಲಿಲ್ಲ.

"ಅಣ್ಣ, ಕಡೂರಲ್ಲಿ ಆ ಹುಡುಗ ಬಗ್ಗಿದ್ದು ನಿಂಗೆ ಕಾಣ್ಲಿಲ್ಲ, ಅಲ್ವಾ?"

"ಕಾಣ್ದೆ ಏನೇ? ಅವನು ಬಗ್ಗಿದ್ದಕ್ಕೇ ಅಲ್ವಾ ನಂಗೆ ಚೆಂಡು ಸಿಕ್ಕಿದ್ದು."

ಮೈದಾನ ನೋಡುತ್ತಲೇ, ನನ್ನ ಕಡೆ ತಿರುಗದೆಯೇ ಹೇಳಿದ: "ಈಗಾಗಿದ್ರೆ ಆ ಗೋಲು ಆಗ್ತಿರ್ಲಿಲ್ಲ ಕಣೇ. ಯಾರೂ ಬಗ್ಗಲ್ವಲ್ಲ."